ಊದಿದ ಉಸಿರೂ ಎಳೆದ ಗೆರೆಯೂ

ಸುಗ್ಗಿ ತೀರಿ, ಹತ್ತಿಕಟ್ಟಿಗೆಯೂ ತೊಗರಿಕಟ್ಟಿಗೆಯೂ ಹಿತ್ತಿಲಲ್ಲಿ ರಾಶಿ ಬಿದ್ದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕೆಮ್ಮಿನ ಕಾಲ ಮೊದಲಾಗುತ್ತದೆ. ಒಲೆಯ ಹೊಗೆ, ಕಣದ ಧೂಳು, ಜಿನ್ನಿನಲ್ಲಿ ಹಾರುವ ಹತ್ತಿಯ ಎಳೆ, ಬೀಡಿ — ಇವುಗಳಲ್ಲಿ ಒಂದಾದರೂ ಸೋಂಕದ ಮನೆ ಅಪೂರ್ವವೇ ಸರಿ. ದಮ್ಮು ಹೆಚ್ಚಾದಾಗ ಮನೆಯವರನ್ನು ಜಿಲ್ಲೆಯ ಆಸ್ಪತ್ರೆಗೋ, ಕಲಬುರಗಿ ರಾಯಚೂರುಗಳಿಗೋ ಕರೆದೊಯ್ಯುವುದುಂಟು. ಅಲ್ಲಿ ಒಂದು ಕೊಳವೆಯನ್ನು ಬಾಯಿಗಿಟ್ಟು ಊದಿಸಿ, ಅಂಕಿಗಳಿಂದ ತುಂಬಿದ ಕಾಗದವೊಂದನ್ನು ಕೈಗೆ ಕೊಡುತ್ತಾರೆ. ಅದನ್ನು ನೋಡಿ ಒಬ್ಬ ವೈದ್ಯರು ಶ್ವಾಸನಾಳದಲ್ಲಿ ಅಡ್ಡಿಯುಂಟೆಂದು ಹೇಳಿ ಬಾಳುದ್ದಕ್ಕೂ ಎಳೆಯತಕ್ಕ ಔಷಧವನ್ನು ಬರೆಯುತ್ತಾರೆ. ಅದೇ ಕಾಗದವನ್ನು ನೋಡಿ ಇನ್ನೊಬ್ಬರು, ಈ ವಯಸ್ಸಿಗೆ ಇಷ್ಟು ಸಹಜ, ಚಿಂತೆ ಬೇಡವೆನ್ನುತ್ತಾರೆ. ಇವರಲ್ಲಿ ಒಬ್ಬರಿಗೆ ವಿದ್ಯೆ ಸಾಲದೆಂದು ಗೊಣಗಿಕೊಳ್ಳುತ್ತ ಗೃಹಸ್ಥನು ಮನೆಗೆ ಮರಳುತ್ತಾನೆ. ಆದರೆ ಇಬ್ಬರೂ ಬಲ್ಲವರೇ ಆಗಿರಬಹುದು. ರೋಗಕ್ಕೂ ಆರೋಗ್ಯಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬಲ್ಲಿ ಜಗತ್ತಿನ ಶ್ವಾಸರೋಗತಜ್ಞರಲ್ಲಿಯೇ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಚರ್ಚೆ ನಡೆದುಬಂದಿದೆ. ಆ ಗೆರೆಯು ನಮ್ಮ ಮನೆಯವರ ಮೇಲೆ ಹೇಗೆ ಬೀಳುತ್ತದೆಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

ಮೊದಲು ಯಂತ್ರದ ಸಂಗತಿ. ಉಸಿರನ್ನು ಅಳೆಯುವ ಈ ಉಪಕರಣಕ್ಕೆ ಸ್ಪೈರೋಮೀಟರೆಂದು ಹೆಸರು. ಶ್ವಾಸಮಾಪಕವೆಂದರೆ ನಮಗೆ ಸುಲಭವಾದೀತು. ಇದನ್ನು ಬಳಕೆಗೆ ತಂದವನು ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯ. ನೀರಿನಲ್ಲಿ ಬೋರಲು ಹಾಕಿದ ಗಂಟೆಯಾಕಾರದ ಪಾತ್ರೆಯೊಳಕ್ಕೆ ಊದಿಸಿ, ಪಾತ್ರೆಯು ಎಷ್ಟು ಮೇಲೆದ್ದಿತೆಂಬುದರಿಂದ ಆತನು ಉಸಿರನ್ನು ಅಳೆದನು. ನಾವಿಕರು, ಪೋಲೀಸಿನವರು, ಸಿಪಾಯಿಗಳು, ಜಟ್ಟಿಗಳು, ದರಿದ್ರರು, ಸಿರಿವಂತರು ಹೀಗೆ ಎರಡು ಸಾವಿರಕ್ಕೆ ಮೇಲ್ಪಟ್ಟು ಜನರನ್ನು ಪರೀಕ್ಷಿಸಿ ೧೮೪೬ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಆಳಿನ ಎತ್ತರ ಒಂದು ಅಂಗುಲ ಹೆಚ್ಚಿದರೆ ಉಸಿರು ಎಂಟು ಘನ ಅಂಗುಲ ಹೆಚ್ಚುವುದೆಂಬುದು ಆತನು ಕಂಡ ನಿಯಮ. ಆ ವರ್ಷದಲ್ಲಿ ನಮ್ಮ ಸುರಪುರದ ಗುಡ್ಡದ ಮೇಲೆ ಪೊಲಿಟಿಕಲ್ ಏಜೆಂಟನಾಗಿ ಮೆಡೋಸ್ ಟೇಲರನು ವಾಸವಾಗಿದ್ದನೆಂಬುದನ್ನು ನೆನೆದರೆ ಕಾಲದ ಅಂದಾಜು ಸಿಕ್ಕೀತು. ಟೇಲರನ ಮಂಜಿಲು ಇಂದಿಗೂ ಅಲ್ಲಿ ನಿಂತಿದೆ. ಹಚಿನ್ಸನ್ನನು ಮಾತ್ರ ಆಸ್ಟ್ರೇಲಿಯಕ್ಕೆ ಹೊರಟುಹೋಗಿ, ೧೮೬೧ರಲ್ಲಿ ಫಿಜಿ ದ್ವೀಪದಲ್ಲಿ ತೀರಿಕೊಂಡನು.

ಆತನು ಅಳೆದದ್ದು ಉಸಿರಿನ ಒಟ್ಟು ಮೊತ್ತವನ್ನು. ವೇಗವನ್ನು ಅಳೆಯಬೇಕೆಂಬ ಯೋಚನೆ ನೆಲೆಗೊಳ್ಳಲು ಮತ್ತೆ ನೂರು ವರ್ಷ ಹಿಡಿಯಿತು. ೧೯೪೭ರಲ್ಲಿ ಫ್ರಾನ್ಸಿನ ರೊಬೇರ್ ತಿಫ್ನೋ ಎಂಬಾತನು, ಬಲವಾಗಿ ಊದಿದಾಗ ಮೊದಲನೆಯ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬೀಳುವುದೆಂಬುದೇ ಮುಖ್ಯವೆಂದು ತೋರಿಸಿಕೊಟ್ಟನು. ಇದರ ಮರ್ಮವನ್ನು ಕೃಷ್ಣೆಯ ಕಾಲುವೆಯ ನೀರುಣ್ಣುವ ರೈತನಿಗೆ ಹೇಳಿಕೊಡಬೇಕಾಗಿಲ್ಲ. ನಾರಾಯಣಪುರದ ಜಲಾಶಯದಲ್ಲಿ ನೀರು ತುಂಬಿದ್ದರೂ ಹೊಲದ ಕಡೆಯ ಕಿರುಗಾಲುವೆಯಲ್ಲಿ ಹೂಳು ತುಂಬಿದ್ದರೆ ಒಂದು ಗಳಿಗೆಯಲ್ಲಿ ಬರಬೇಕಾದ ನೀರು ನಾಲ್ಕು ಗಳಿಗೆಯಲ್ಲಿ ಬರುತ್ತದೆ. ಎದೆಯಲ್ಲಿಯೂ ಹಾಗೆಯೇ. ಶ್ವಾಸನಾಳಗಳು ಬಿಗಿದಿದ್ದರೆ, ಕಫದಿಂದ ಕಟ್ಟಿದ್ದರೆ, ಗೋಡೆ ಸಡಿಲಿ ಕುಸಿಯುತ್ತಿದ್ದರೆ ಒಳಗಿನ ಗಾಳಿಯು ಹೊರಬರುತ್ತದೆ, ಆದರೆ ತಡವಾಗಿ ಬರುತ್ತದೆ. ಆದುದರಿಂದ ಮೊದಲ ಸೆಕೆಂಡಿನ ಉಸಿರನ್ನು ಒಟ್ಟು ಉಸಿರಿನಿಂದ ಭಾಗಿಸುತ್ತಾರೆ. ಕಾಗದದಲ್ಲಿ ಎಫ್.ಇ.ವಿ. ಒಂದು, ಎಫ್.ವಿ.ಸಿ. ಎಂದು ಅಚ್ಚಾಗಿರುವ ಅಂಕಿಗಳು ಇವೇ. ಇವೆರಡರ ಪ್ರಮಾಣವೇ ಈ ಪರೀಕ್ಷೆಯ ಜೀವಾಳ. ಅದು ತಗ್ಗಿದರೆ ಅಡ್ಡಿ ಇದೆಯೆಂದು ಅರ್ಥ.

ತಗ್ಗುವುದೆಂದರೆ ಎಷ್ಟು? ತೊಡಕು ಇಲ್ಲಿಂದ ಹುಟ್ಟುತ್ತದೆ.

೨೦೦೧ರಲ್ಲಿ ಗೋಲ್ಡ್ ಎಂಬ ಸಂಕ್ಷೇಪನಾಮದ ಅಂತರರಾಷ್ಟ್ರೀಯ ವೈದ್ಯಮಂಡಲಿಯು ತನ್ನ ಮೊದಲನೆಯ ವರದಿಯಲ್ಲಿ ಒಂದು ಸರಳವಾದ ಗೆರೆಯನ್ನು ಎಳೆಯಿತು: ನಾಳವನ್ನು ಸಡಿಲಿಸುವ ಔಷಧವನ್ನು ಕೊಟ್ಟ ಮೇಲೂ ಈ ಪ್ರಮಾಣವು ೦.೭೦ಕ್ಕಿಂತ ಕಡಿಮೆಯಿದ್ದರೆ ಸಿ.ಓ.ಪಿ.ಡಿ. ಎನ್ನುವ ದೀರ್ಘಕಾಲದ ಶ್ವಾಸಾವರೋಧವಿದೆಯೆಂದು ತಿಳಿಯತಕ್ಕದ್ದು. ಗಂಡಾಗಲಿ ಹೆಣ್ಣಾಗಲಿ, ನಲವತ್ತರವರಾಗಲಿ ಎಂಬತ್ತರವರಾಗಲಿ, ಗೆರೆ ಒಂದೇ. ತಾಲ್ಲೂಕಿನ ಚಿಕ್ಕ ಆಸ್ಪತ್ರೆಯಲ್ಲಿಯೂ ಪಟ್ಟಿ, ಸಮೀಕರಣಗಳ ಗೊಡವೆಯಿಲ್ಲದೆ ಯಾರಾದರೂ ಬಳಸಬಹುದಾದ ನಿಯಮವಿದು. ಆ ಮಂಡಲಿಯು ಇಂದಿಗೂ ಅದನ್ನು ಬಿಟ್ಟಿಲ್ಲ.

ಆದರೆ ಪ್ರಕೃತಿಯು ಒಂದೇ ಗೆರೆಯನ್ನು ಒಪ್ಪಿಕೊಂಡಂತೆ ಕಾಣುವುದಿಲ್ಲ. ಹೊಗೆಯನ್ನೇ ಕಾಣದ ಆರೋಗ್ಯವಂತನಿಗೂ ವಯಸ್ಸಾಗುತ್ತ ಹೋದಂತೆ ಶ್ವಾಸಕೋಶದ ಪುಟಿತ ಕುಂದಿ ಈ ಪ್ರಮಾಣವು ಇಳಿಯುತ್ತದೆ. ತಲೆ ನರೆಯುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಎರಡು ಉದಾಹರಣೆಗಳನ್ನು ಕಲ್ಪಿಸಿಕೊಳ್ಳೋಣ. ಶಹಾಪುರದ ಎಪ್ಪತ್ತನಾಲ್ಕು ವಯಸ್ಸಿನ ರೈತರೊಬ್ಬರು, ಬೀಡಿ ಸೇದಿದವರಲ್ಲ, ಒಟ್ಟು ಉಸಿರು ೨.೬೦ ಲೀಟರು, ಮೊದಲ ಸೆಕೆಂಡಿನಲ್ಲಿ ೧.೭೭ ಲೀಟರು. ಭಾಗಿಸಿದರೆ ೦.೬೮. ಒಂದೇ ಗೆರೆಯ ನಿಯಮದಂತೆ ಅವರು ರೋಗಿ. ಇನ್ನು ಸುರಪುರದ ಕಡೆಯ ಮೂವತ್ತು ವಯಸ್ಸಿನ ಗೃಹಿಣಿಯೊಬ್ಬಳು. ಹದಿನೈದನೆಯ ವಯಸ್ಸಿನಿಂದ ಕಟ್ಟಿಗೆಯ ಒಲೆಯ ಮುಂದೆ ಕುಳಿತವಳು. ನೀರಿನ ಕೊಡ ಹೊತ್ತು ಗುಡ್ಡ ಏರುವಾಗ ನಡುನಡುವೆ ನಿಲ್ಲುವಳು. ಆಕೆಯ ಒಟ್ಟು ಉಸಿರು ೨.೪೦, ಮೊದಲ ಸೆಕೆಂಡಿನದು ೧.೭೫. ಪ್ರಮಾಣ ೦.೭೩. ಒಂದೇ ಗೆರೆಯ ನಿಯಮದಂತೆ ಆಕೆಗೆ ಏನೂ ಆಗಿಲ್ಲ.

ಈಗ ಅವರವರ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿ ನೋಡಬೇಕು. ಎಪ್ಪತ್ತನಾಲ್ಕರ ಗಂಡಸರಲ್ಲಿ ಆರೋಗ್ಯದ ಕೆಳಗಣ ಎಲ್ಲೆ ೦.೬೩ರ ಆಸುಪಾಸಿನಲ್ಲಿ ಬೀಳುತ್ತದೆ; ಅಜ್ಜನು ಎಲ್ಲೆಯೊಳಗೇ ಇದ್ದಾನೆ. ಮೂವತ್ತರ ಹೆಂಗಸರಲ್ಲಿ ಆ ಎಲ್ಲೆ ೦.೭೫ರ ಆಸುಪಾಸು, ಆಕೆ ಅದರ ಕೆಳಗೆ ಜಾರಿದ್ದಾಳೆ. ಅಂದರೆ ಆರೋಗ್ಯವಂತನಾದ ಅಜ್ಜನಿಗೆ ರೋಗದ ಹೆಸರೂ, ನಿಜಕ್ಕೂ ನಾಳ ಕಟ್ಟತೊಡಗಿರುವ ಮಗಳ ವಯಸ್ಸಿನವಳಿಗೆ ಆರೋಗ್ಯದ ಚೀಟಿಯೂ ದೊರೆತಂತಾಯಿತು. ಅಜ್ಜನು ಅಗತ್ಯವಿಲ್ಲದ ಔಷಧಕ್ಕೆ ತಿಂಗಳು ತಿಂಗಳೂ ಹಣ ತೆರಬೇಕು. ಅದರಲ್ಲಿ ಸ್ಟೀರಾಯ್ಡಿನ ಬೆರಕೆಯಿದ್ದರೆ ಶ್ವಾಸಾವರೋಧವುಳ್ಳವರಲ್ಲಿಯೇ ನ್ಯುಮೋನಿಯದ ಭಯ ಹೆಚ್ಚುವುದೆಂದು ತಿಳಿದಿರುವಾಗ, ರೋಗವಿಲ್ಲದವನು ಅದನ್ನೇಕೆ ಎಳೆಯಬೇಕು? ಆಕೆಯ ಸಂಗತಿ ಇನ್ನೂ ಘೋರ. ಹೊಗೆಯಿಂದ ದೂರ ಸರಿದರೆ ಉಳಿಸಿಕೊಳ್ಳಬಹುದಾದ ಉಸಿರನ್ನು ಏನೂ ಇಲ್ಲವೆಂಬ ಮಾತನ್ನು ನಂಬಿ ಮತ್ತೆ ಹತ್ತು ವರ್ಷ ಒಲೆಗೆ ಅರ್ಪಿಸುವಳು.

ಈ ಕೆಳಗಣ ಎಲ್ಲೆಯನ್ನು ಗೊತ್ತುಮಾಡುವ ಬಗೆ ಹೀಗೆ. ರೋಗವಿಲ್ಲದ, ಹೊಗೆ ಸೇದದ ಬಹುಮಂದಿಯನ್ನು ಊದಿಸಿ, ವಯಸ್ಸು, ಎತ್ತರ, ಗಂಡು ಹೆಣ್ಣೆಂಬ ಭೇದ ಇವುಗಳಿಗನುಸಾರವಾಗಿ ಅಂಕಿಗಳನ್ನು ವಿಂಗಡಿಸುತ್ತಾರೆ. ಪ್ರತಿ ಗುಂಪಿನಲ್ಲಿಯೂ ನೂರು ಜನ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ತುದಿಯ ಐವರನ್ನು ಬೇರ್ಪಡಿಸುವ ಸ್ಥಾನವೇ ಎಲ್ಲೆ. ಅಮೆರಿಕ ಯುರೋಪುಗಳ ಶ್ವಾಸರೋಗ ಸಂಘಗಳು ೨೦೦೫ರಲ್ಲಿ ಈ ಕ್ರಮವನ್ನೇ ಸೂಚಿಸಿದವು. ೨೦೨೨ರಲ್ಲಿ ಪ್ರಕಟಿಸಿದ ಹೊಸ ನಿರೂಪಣೆಯಲ್ಲಿಯೂ ಅದನ್ನೇ ಎತ್ತಿಹಿಡಿದವು. ಕಾಗದದಲ್ಲಿ ಜ಼ೆಡ್ ಎಂಬ ಅಂಕಣವೊಂದಿದ್ದು ಅದರಲ್ಲಿ ಋಣ ೧.೬೪ಕ್ಕಿಂತ ಕೆಳಗಿನ ಸಂಖ್ಯೆ ಇದ್ದರೆ ಎಲ್ಲೆಯನ್ನು ದಾಟಿದಂತೆ. ಇದರಲ್ಲಿಯೂ ಕೊರತೆಯುಂಟು. ಎಲ್ಲೆಯನ್ನು ಕಟ್ಟಿದ ಬಗೆಯಿಂದಲೇ ಇಪ್ಪತ್ತು ಜನ ಆರೋಗ್ಯವಂತರಲ್ಲಿ ಒಬ್ಬನು ಅದರ ಹೊರಗೆ ಬೀಳುವನು. ದಮ್ಮೂ ಇಲ್ಲದೆ, ಹೊಗೆಯ ಸಂಪರ್ಕವೂ ಇಲ್ಲದೆ, ಬರಿಯ ಅಂಕಿಯೊಂದೇ ಕೊಂಚ ತಗ್ಗಿದ್ದವನನ್ನು ರೋಗಿಯೆಂದು ಕರೆಯಲು ಯಾವ ವಿವೇಕಿಯಾದ ವೈದ್ಯನೂ ಆತುರಪಡಲಾರನು.

ಒಂದೇ ಗೆರೆಯ ಪಕ್ಷದವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅಮೆರಿಕದಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೆ ಮೇಲ್ಪಟ್ಟು ಜನರ ದಾಖಲೆಗಳನ್ನು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ರೋಗದಿಂದ ಆಸ್ಪತ್ರೆ ಸೇರುವವರನ್ನೂ ಸಾಯುವವರನ್ನೂ ಮುಂಗಾಣುವುದರಲ್ಲಿ ೦.೭೦ರ ಗೆರೆಯು ಬೇರೆ ಯಾವ ಗೆರೆಗೂ ಕಡಿಮೆಯಿಲ್ಲವೆಂದು ಕಂಡುಕೊಂಡಿತು. ವಯಸ್ಸಿಗೆ ಸಹಜವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಾಗದು. ಮುದುಕರಿಗೆ ಸಹಜವಾದ ಎಷ್ಟೋ ಸಂಗತಿಗಳು ಪ್ರಾಣಕ್ಕೆ ಎರವಾಗುತ್ತವೆ. ಈ ವಾದದಲ್ಲಿ ತಿರುಳಿದೆಯೆಂದೇ ನಮ್ಮ ಅಭಿಪ್ರಾಯ. ಆದರೆ ಆ ಅಧ್ಯಯನಕ್ಕೆ ಒಳಪಟ್ಟವರೆಲ್ಲರೂ ನಲವತ್ತೈದು ದಾಟಿದವರು. ಸುರಪುರದ ಆ ಮೂವತ್ತರ ಗೃಹಿಣಿಯ ವಿಚಾರದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಎರಡು ಗೆರೆಗಳೂ ಸುಮಾರು ಐವತ್ತರ ವಯಸ್ಸಿನಲ್ಲಿ ಒಂದನ್ನೊಂದು ಕೂಡುತ್ತವೆ; ಅಲ್ಲಿಂದ ಈಚೆಗೆ ಎಳೆಯರಾದಷ್ಟೂ, ಆಚೆಗೆ ಮುದುಕರಾದಷ್ಟೂ ಅಂತರ ಹೆಚ್ಚುತ್ತದೆ. ಆದಕಾರಣ ಒಲೆಯ ಹೊಗೆಯಲ್ಲಿ ಬೆಳೆದ ಎಳೆಯ ಹೆಂಗಸರೇ ಬಹುಮಂದಿಯಾಗಿರುವ ನಾಡಿನಲ್ಲಿ ವಯಸ್ಸಿಗೆ ತಕ್ಕ ಎಲ್ಲೆಯೇ ಲೇಸೆಂದು ನಮಗೆ ತೋರುತ್ತದೆ.

ಒಲೆಯ ಮಾತು ಬಂದುದರಿಂದ ನಮ್ಮ ರಾಜ್ಯದ್ದೇ ಆದ ಒಂದು ಶೋಧನೆಯನ್ನು ಹೇಳದೆ ಮುಂದೆ ಹೋಗಲಾರೆವು. ಮೈಸೂರು ಜಿಲ್ಲೆಯ ಹಳ್ಳಿಗಳ ಸ್ತ್ರೀಯರಲ್ಲಿ ಮೈಸೂರಿನ ವೈದ್ಯರು ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ ಹೊಗೆಯ ಲೆಕ್ಕವನ್ನು ಬಹು ಸರಳವಾಗಿ ಇಟ್ಟಿದ್ದಾರೆ: ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡಿಗೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಆ ಗುಣಲಬ್ಧವು ೬೦ಕ್ಕೆ ಮುಟ್ಟಿದಲ್ಲಿಂದ ದೀರ್ಘಕಾಲದ ಕಫಕೆಮ್ಮಿನ ಭಯವು ಗಣನೀಯವಾಗುತ್ತದೆಂದು ಅವರು ಕಂಡರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡಿಗೆ ಮಾಡಿದವಳು ಸರಿಯಾಗಿ ಅರುವತ್ತನ್ನು ಮುಟ್ಟುತ್ತಾಳೆ. ಹದಿನೈದರಲ್ಲಿ ಒಲೆ ಹಿಡಿದವಳಿಗೆ ಆಗ ಮೂವತ್ತು. ಉಜ್ವಲಾ ಯೋಜನೆ ೨೦೧೬ರಲ್ಲಿ ಬಂದ ಮೇಲೆ ಗ್ಯಾಸಿನ ಒಲೆ ಹಳ್ಳಿಗಳನ್ನು ಹೊಕ್ಕಿದೆ, ನಿಜ. ಆದರೆ ರೊಟ್ಟಿ ಬಡಿದು ಬೇಯಿಸಲು, ಸ್ನಾನದ ನೀರು ಕಾಯಿಸಲು ಹೊಲದಿಂದ ಬಿಟ್ಟಿ ಬರುವ ಕಟ್ಟಿಗೆಯನ್ನು ಯಾರು ಬಿಟ್ಟಾರು? ವಾಚಕರು ತಮ್ಮ ತಮ್ಮ ಮನೆಯ ತಾಯಿ, ಅತ್ತೆ, ಸೊಸೆಯರ ಲೆಕ್ಕವನ್ನು ಈ ಸಂಜೆಯೇ ಹಾಕಿ ನೋಡಬಹುದು. ಇದಕ್ಕೆ ಯಾವ ಯಂತ್ರವೂ ಬೇಡ.

ಇನ್ನು ಗೆರೆಗಿಂತಲೂ ಆಳವಾದ ಪ್ರಶ್ನೆಯೊಂದಿದೆ. ಆರೋಗ್ಯವಂತರೊಡನೆ ಹೋಲಿಸಬೇಕೆಂದೆವಷ್ಟೆ; ಯಾವ ದೇಶದ ಆರೋಗ್ಯವಂತರು? ಅದೇ ವಯಸ್ಸು, ಅದೇ ಎತ್ತರದ ಬಿಳಿಯರಿಗಿಂತ ಭಾರತೀಯರ ಒಟ್ಟು ಉಸಿರು ಕಡಿಮೆಯೆಂದು ಬಹುಕಾಲದಿಂದ ಕಂಡುಬಂದಿದೆ. ಮುಂಬಯಿಯಲ್ಲಿ ೧೯೮೭ರಲ್ಲಿಯೂ, ಮದರಾಸಿನಲ್ಲಿ ೧೯೯೦ರಲ್ಲಿಯೂ, ದೆಹಲಿಯಲ್ಲಿ ೨೦೧೪ರಲ್ಲಿಯೂ ನಮ್ಮವರದೇ ಅಳತೆಗಳು ಪ್ರಕಟವಾದವು. ಆದರೂ ಅನೇಕ ಯಂತ್ರಗಳೊಳಗೆ ಪರದೇಶದ ಪಟ್ಟಿಯೇ ಕುಳಿತಿದ್ದು, ಅದನ್ನು ಒಂಬತ್ತು ಹತ್ತಾಂಶದಿಂದ ಗುಣಿಸಿ ಭಾರತೀಯರಿಗೆ ಹೊಂದಿಸುವ ರೂಢಿಯುಂಟು. ಇದು ಪರಸ್ಥಳದ ಅಂಗಿಯನ್ನು ತಂದು ತೋಳನ್ನು ಕತ್ತರಿಸಿ ತೊಡಿಸಿದ ಹಾಗೆ. ೨೦೧೨ರಲ್ಲಿ ಮೂರರಿಂದ ತೊಂಬತ್ತೈದು ವಯಸ್ಸಿನವರೆಗೆ ಜಗತ್ತಿನ ಹಲವು ಜನಾಂಗಗಳ ಪಟ್ಟಿಯೊಂದು ಸಿದ್ಧವಾಯಿತಾದರೂ ಭಾರತೀಯರಿಗೆಂದು ಪ್ರತ್ಯೇಕ ಪಟ್ಟಿಯನ್ನು ಅದರಲ್ಲಿ ಕೊಡಲಾಗಲಿಲ್ಲ.

ಈ ಜನಾಂಗಭೇದದ ಲೆಕ್ಕಕ್ಕೆ ಒಂದು ಅಸಹ್ಯವಾದ ಪೂರ್ವಕಥೆಯೂ ಇದೆ. ಹಚಿನ್ಸನ್ನನ ಯಂತ್ರವು ಬಂದ ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು ಕರಿಯ ಗುಲಾಮರ ಉಸಿರು ಬಿಳಿಯರದಕ್ಕಿಂತ ಐದನೆಯ ಒಂದು ಪಾಲು ಕಡಿಮೆಯೆಂದು ಸಾರಿ, ದುಡಿಮೆಯಲ್ಲಿಟ್ಟಿರುವುದೇ ಅವರಿಗೆ ಹಿತವೆಂದು ವಾದಿಸಿದನು. ಹೊಟ್ಟೆಗಿಲ್ಲದ್ದನ್ನೂ ಚಾಟಿಯನ್ನೂ ಆತನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ನೆರಳನ್ನು ಕಳೆಯುವುದಕ್ಕಾಗಿಯೇ ಈಚೆಗೆ ಜನಾಂಗವನ್ನು ಕೇಳದ ಸಾರ್ವತ್ರಿಕ ಪಟ್ಟಿಯೊಂದನ್ನು ೨೦೨೨ರಲ್ಲಿ ರಚಿಸಿದರು. ೨೦೨೩ರಲ್ಲಿ ಅಮೆರಿಕದ ಸಂಘವು ಅದನ್ನು ಬಳಸುವಂತೆ ಸೂಚಿಸಿತು.

ನಮ್ಮ ಸೀಮೆಗೆ ಇದರಿಂದೇನು ಎನ್ನಬಹುದು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಗರ್ಭದಲ್ಲಿಯೂ ಎಳೆತನದಲ್ಲಿಯೂ ಉಣಿಸು ಸಾಲದೆಹೋದರೆ ಶ್ವಾಸಕೋಶವೂ ಪೂರ್ತಿ ಬೆಳೆಯದು. ಹೀಗೆ ಬೆಳೆದವರನ್ನೇ ಒಟ್ಟುಗೂಡಿಸಿ ಸ್ಥಳೀಯ ಪಟ್ಟಿಯನ್ನು ಕಟ್ಟಿದರೆ, ಹಸಿವು ಕಿತ್ತುಕೊಂಡ ಉಸಿರು ಇಲ್ಲಿಯವರಿಗೆ ಸಹಜವೆಂದು ಅಚ್ಚಾಗಿಬಿಡುತ್ತದೆ. ಪರದೇಶದ ಪಟ್ಟಿಯನ್ನೇ ಹಿಡಿದರೆ ದೃಢಕಾಯನಾದ ಕೂಲಿಗಾರನೂ ರೋಗಿಯಾಗಿ ಕೆಲಸ ಕಳೆದುಕೊಂಡಾನು. ಕಲ್ಲುಗಣಿಯಲ್ಲಿ ದುಡಿದವನೊಬ್ಬನ ಒಟ್ಟು ಉಸಿರು ೨.೭ ಲೀಟರೆಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಆತನಿಗಿರಬೇಕಾದ್ದು ೩.೬ ಲೀಟರಾದರೆ ಆತನದು ನೂರಕ್ಕೆ ೭೫. ಒಂಬತ್ತು ಹತ್ತಾಂಶದಿಂದ ಗುಣಿಸಿದ ಕೂಡಲೆ ನೂರಕ್ಕೆ ೮೩ ಆಗುತ್ತದೆ. ಎಂಬತ್ತನ್ನು ಗೆರೆಯೆಂದು ಹಿಡಿಯುವ ಹಳೆಯ ರೂಢಿಯಂತೆ ಮೊದಲನೆಯ ಲೆಕ್ಕದಲ್ಲಿ ಪರಿಹಾರಕ್ಕೆ ಅರ್ಹ, ಎರಡನೆಯದರಲ್ಲಿ ಅಲ್ಲ. ಎದೆ ಅದೇ, ಉಸಿರೂ ಅದೇ. ಇದು ಸಣ್ಣ ಮಾತಲ್ಲ.

ಸಮಾಧಾನದ ಸಂಗತಿಯೊಂದುಂಟು. ಮೊದಲ ಸೆಕೆಂಡಿನ ಉಸಿರೂ ಒಟ್ಟು ಉಸಿರೂ ಒಂದೇ ಬಗೆಯಲ್ಲಿ ತಗ್ಗಿರುವಾಗ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆ ತಗ್ಗು ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದುದರಿಂದ ಅಡ್ಡಿ ಇದೆಯೇ ಇಲ್ಲವೇ ಎಂಬ ನಿರ್ಣಯಕ್ಕೆ ಬೇಕಾದ ಪ್ರಮಾಣವು ಜನಾಂಗದಿಂದ ಜನಾಂಗಕ್ಕೆ ಹೆಚ್ಚು ಬದಲಾಗದು. ಅಡ್ಡಿ ಎಷ್ಟು ತೀವ್ರ, ಎದೆ ಎಷ್ಟು ಕುಗ್ಗಿದೆ ಎಂಬುದನ್ನು ಹೇಳುವಾಗಲೇ ಪಟ್ಟಿಯ ಆಯ್ಕೆ ಕಾಡುವುದು. ಅದಕ್ಕಾಗಿಯೇ ಒಂದೇ ಮನೆಯವರು ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ ಮಾಡಿಸಿಕೊಂಡಾಗ ನೂರಕ್ಕಿಷ್ಟೆಂಬ ಅಂಕಿಗಳನ್ನು ಹೋಲಿಸಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು, ಲೀಟರುಗಳನ್ನು ಹೋಲಿಸಬೇಕು.

ಇಷ್ಟಾದರೂ, ಊದುವವನು ಸರಿಯಾಗಿ ಊದದಿದ್ದರೆ ಯಾವ ಗೆರೆಯಿಂದಲೂ ಪ್ರಯೋಜನವಿಲ್ಲ. ಪೂರ್ತಿ ಉಸಿರೆಳೆದು, ತಡೆಯದೆ, ಒಮ್ಮೆಲೇ ಬಲವಾಗಿ ಹೊರಬಿಟ್ಟು, ಎದೆ ಬರಿದಾಗುವ ತನಕ ನಿಲ್ಲಿಸದೆ ಊದುತ್ತಲೇ ಇರಬೇಕು. ನಡುವೆಯೇ ನಿಲ್ಲಿಸಿದರೆ ಒಟ್ಟು ಉಸಿರು ಕಡಿಮೆ ತೋರಿ, ಪ್ರಮಾಣವು ಸುಳ್ಳಾಗಿ ಏರಿ, ಇರುವ ಅಡ್ಡಿಯೂ ಮರೆಯಾಗುತ್ತದೆ. ಹಿಂಜರಿಯುವ ಹೆಂಗಸರಲ್ಲಿಯೂ ಸುಸ್ತಾದ ಮುದುಕರಲ್ಲಿಯೂ ಹೀಗಾಗುವುದು ಸಾಮಾನ್ಯ. ಆದಕಾರಣ ಕಡಿಮೆಯೆಂದರೆ ಮೂರು ಸಲವಾದರೂ ಒಪ್ಪಬಹುದಾದ ಊದು ಸಿಕ್ಕಬೇಕು, ಅವುಗಳಲ್ಲಿ ಉತ್ತಮವಾದ ಎರಡರ ನಡುವೆ ೧೫೦ ಮಿಲಿಲೀಟರಿಗಿಂತ ಹೆಚ್ಚು ಅಂತರವಿರಕೂಡದು ಎಂದು ನಿಯಮವಿದೆ. ನಾಚಿಕೆಪಡುವವರಿಗೆ ಮನೆಯಲ್ಲಿಯೇ ಒಂದೆರಡು ಬಾರಿ, ಎದೆ ತುಂಬ ಉಸಿರೆಳೆದು ಕಡೆತನಕ ಬಿಡುವುದನ್ನು ರೂಢಿಮಾಡಿಸಿ ಕರೆದೊಯ್ದರೆ ಒಳ್ಳೆಯದು. ಪರೀಕ್ಷೆಗೆ ಎತ್ತರವನ್ನು ಅಲ್ಲಿಯೇ ಅಳೆಯಿಸಬೇಕು, ವಯಸ್ಸನ್ನು ಸರಿಯಾಗಿ ಬರೆಯಿಸಬೇಕು. ಹುಟ್ಟಿದ ವರ್ಷ ನೆನಪಿಲ್ಲದ ಅಜ್ಜನಿಗೆ ಅಂದಾಜಿನಿಂದ ಅರುವತ್ತೆಂದು ಬರೆಸಿದರೆ ಎಲ್ಲೆಯೇ ಪಲ್ಲಟವಾಗುವುದು.

ಔಷಧವನ್ನು ಎಳೆಸಿ ಹದಿನೈದು ನಿಮಿಷದ ಮೇಲೆ ಮತ್ತೆ ಊದಿಸಿದರೋ ಇಲ್ಲವೋ ಎಂಬುದನ್ನು ಕೇಳಿ ತಿಳಿಯಬೇಕು. ಆಗ ಪ್ರಮಾಣವು ಸರಿಹೋದರೆ ಅಸ್ತಮಾ ಇರುವ ಸಂಭವವೇ ಹೆಚ್ಚು. ಅಸ್ತಮಾದವರು ಆಕ್ರಮಣವಿಲ್ಲದ ದಿನ ಊದಿದರೆ ಎಲ್ಲವೂ ಸರಿಯಾಗಿ ತೋರಬಹುದೆಂಬುದೂ ನೆನಪಿರಲಿ. ಔಷಧದ ಮೇಲೂ ಪ್ರಮಾಣವು ೦.೬೦ಕ್ಕೂ ೦.೮೦ಕ್ಕೂ ನಡುವೆ ಬಂದಿದ್ದರೆ ಬೇರೊಂದು ದಿನ ಮತ್ತೊಮ್ಮೆ ಪರೀಕ್ಷಿಸಿಯೇ ರೋಗವನ್ನು ನಿಶ್ಚಯಿಸಬೇಕೆಂದು ೦.೭೦ರ ಗೆರೆಯನ್ನು ಎಳೆದ ಮಂಡಲಿಯೇ ಹೇಳುತ್ತದೆ. ನಮ್ಮ ಅಜ್ಜನೂ ಆ ಗೃಹಿಣಿಯೂ ಇಬ್ಬರೂ ಆ ನಡುವಿನಲ್ಲಿಯೇ ಬರುತ್ತಾರೆ. ಹಿಂದೆ ಕ್ಷಯ ಬಂದು ವಾಸಿಯಾದವರಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಕ್ಷಯವು ಬಿಟ್ಟುಹೋದ ಗಾಯಗಳಿಂದಲೂ ನಾಳಗಳು ಕಟ್ಟುವುದುಂಟು. ವೈದ್ಯರೊಡನೆ ಮಾತನಾಡುವಾಗ ಒಲೆಯ ಮುಂದಿನ ಗಂಟೆಗಳನ್ನೂ ವರ್ಷಗಳನ್ನೂ, ಬೀಡಿಯ ಲೆಕ್ಕವನ್ನೂ, ಜಿನ್ನಿನಲ್ಲಿಯೋ ಗಣಿಯಲ್ಲಿಯೋ ದುಡಿದ ಕಾಲವನ್ನೂ ತಿಳಿಸಿ, ಯಾವ ಪಟ್ಟಿಯಿಂದ ಹೋಲಿಸಿದಿರಿ, ವಯಸ್ಸಿನ ಎಲ್ಲೆಯಂತೆ ನೋಡಿದರೆ ಏನು ಬರುತ್ತದೆ ಎಂದು ವಿನಯದಿಂದ ಕೇಳಬಹುದು. ಪರೀಕ್ಷೆಯ ಕಾಗದಗಳು ಶಾಖಕ್ಕೆ ಕಪ್ಪಾಗುವ ತೆಳುಕಾಗದದಲ್ಲಿ ಅಚ್ಚಾಗಿದ್ದರೆ ಬೇಸಗೆಯೊಳಗಾಗಿ ಅಕ್ಷರ ಅಳಿಸಿಹೋಗುವುದರಿಂದ, ಬಂದ ದಿನವೇ ಪ್ರತಿಯೊಂದನ್ನು ತೆಗೆಸಿ, ತಾರೀಖಿನೊಡನೆ, ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡುವುದು ಒಳಿತು.